ಕೆ.ಆರ್.ಪುರದ ಎರಡು ಕಿಲೋಮೀಟರ್: ಬಸ್ಸು, ರೈಲು, ಮೆಟ್ರೋ ಮೂರೂ ಇದ್ದು ಕೂಡಿಕೊಳ್ಳದ ಜಾಗ

2023ರ ಮಾರ್ಚ್ 25ರಂದು ಕೆ.ಆರ್.ಪುರದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೋ ಉದ್ಘಾಟನೆ ಆಯಿತು. ಮಾರನೇ ದಿನದಿಂದ ಜನ ಹತ್ತಿದರು. 13.71 ಕಿಲೋಮೀಟರ್, 12 ಸ್ಟೇಷನ್. ಎಲ್ಲ ಚೆನ್ನಾಗಿತ್ತು, ಒಂದು ಎಡವಟ್ಟು ಬಿಟ್ಟರೆ. ಈ ಹೊಸ ತುಂಡು ಉಳಿದ ಮೆಟ್ರೋಗೆ ಅಂಟಿಕೊಂಡಿರಲೇ ಇಲ್ಲ. ಹಳೆಯ ನೇರಳೆ ಮಾರ್ಗ ಬೈಯಪ್ಪನಹಳ್ಳಿಯಲ್ಲಿ ಮುಗಿಯುತ್ತಿತ್ತು, ಹೊಸದು ಕೆ.ಆರ್.ಪುರದಲ್ಲಿ ಶುರುವಾಗುತ್ತಿತ್ತು, ನಡುವೆ ಎರಡು ಕಿಲೋಮೀಟರ್ ಚಿಲ್ಲರೆ ಖಾಲಿ.

ಆ ಖಾಲಿ ಜಾಗ ಎಂಥದ್ದು ಅಂತ ಬೆಂಗಳೂರಿನ ಪೂರ್ವದ ಕಡೆ ಓಡಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಟಿನ್ ಫ್ಯಾಕ್ಟರಿ ಜಂಕ್ಷನ್. ರೈಲ್ವೆ ಹಳಿಯ ಮೇಲಿನ ಹ್ಯಾಂಗಿಂಗ್ ಬ್ರಿಡ್ಜ್. ಹಳೆ ಮದ್ರಾಸ್ ರಸ್ತೆ ಮತ್ತು ಔಟರ್ ರಿಂಗ್ ರೋಡ್ ಒಂದರ ಮೇಲೊಂದು ಬಂದು ಬೀಳುವ ಜಾಗ. ಊರಲ್ಲಿ ಇನ್ನೆಲ್ಲೇ ಎರಡು ಕಿಲೋಮೀಟರ್ ಬಿಟ್ಟಿದ್ದರೂ ನಡೆಯುತ್ತಿತ್ತೇನೋ, ಇಲ್ಲಿ ಬಿಟ್ಟಿದ್ದರಿಂದ ಆರೂವರೆ ತಿಂಗಳು ಜನ ಒದ್ದಾಡಿದರು. 2023ರ ಅಕ್ಟೋಬರ್ 9ಕ್ಕೆ ಹಳಿ ಕೂಡಿತು. ಆದರೆ ಆ ಆರೂವರೆ ತಿಂಗಳಲ್ಲಿ ಕಣ್ಣಿಗೆ ಬಿದ್ದ ತೊಂದರೆಗಳಲ್ಲಿ ಹಳಿಗೆ ಸಂಬಂಧಿಸಿದ್ದು ಕಾಲು ಭಾಗ ಇರಬಹುದು. ಉಳಿದಿದ್ದೆಲ್ಲ ಬಸ್ ಎಲ್ಲಿ ನಿಲ್ಲುತ್ತದೆ, ಇಳಿದವರು ಎಲ್ಲಿಂದ ಎಲ್ಲಿಗೆ ನಡೆಯಬೇಕು ಅನ್ನುವುದಕ್ಕೆ ಸಂಬಂಧಿಸಿದ್ದು. ಅದು ಇವತ್ತಿಗೂ ಮುಗಿದಿಲ್ಲ. ಅದಕ್ಕೇ ಈ ಪ್ರಕರಣವನ್ನು ಒಂಚೂರು ಬಿಚ್ಚಿ ನೋಡಬೇಕು ಅನ್ನಿಸಿತು.

ಮೊದಲು, ಯಾಕೆ ತಡ ಆಯಿತು ಅನ್ನುವುದು. ಬೆನ್ನಿಗಾನಹಳ್ಳಿ ಹತ್ತಿರ ಮೆಟ್ರೋ ಮಾರ್ಗ ರೈಲ್ವೆ ಹಳಿಗಳನ್ನು ದಾಟುತ್ತದೆ. ಅಲ್ಲಿ ಮಾಮೂಲಿ ಕಾಂಕ್ರೀಟ್ ಕಂಬ ಹಾಕಿ ದಾಟಲು ಆಗುವುದಿಲ್ಲ, ಉದ್ದನೆಯ ಉಕ್ಕಿನ ಗರ್ಡರ್ ಬೇಕು. ಕೆಳಗೆ ರೈಲು ಓಡುತ್ತಿರುವಾಗ ಮೇಲೆ ಅಂಥ ಭಾರ ಕೂರಿಸುವುದು ಹುಡುಗಾಟ ಅಲ್ಲ. ರೈಲ್ವೆಯ ಒಪ್ಪಿಗೆ ಬೇಕು, ರೈಲು ನಿಲ್ಲಿಸಿ ಕೊಡುವ ಕೆಲವು ಗಂಟೆಗಳ ಅವಕಾಶ ಬೇಕು, ಎಲ್ಲ ಕೂಡಿಬರಬೇಕು. ವೈಟ್‌ಫೀಲ್ಡ್ ಕಡೆಯ ಕೆಲಸ ಮುಗಿದಿತ್ತು, ಇದು ಮುಗಿದಿರಲಿಲ್ಲ. ಮುಗಿದಷ್ಟನ್ನು ತೆರೆದು, ನಡುವೆ ಫೀಡರ್ ಬಸ್, ಅಂದರೆ ಮೆಟ್ರೋಗೆ ಜನರನ್ನು ತಂದು ಬಿಡುವ ಬಸ್ ಓಡಿಸೋಣ ಅಂತ ತೀರ್ಮಾನ ಆಯಿತು.

ಅರ್ಧಂಬರ್ಧ ತೆರೆದಿದ್ದು ತಪ್ಪು ಅಂತ ಆಗ ತುಂಬಾ ಜನ ಬೈದರು. ನನಗೆ ಹಾಗನ್ನಿಸುವುದಿಲ್ಲ. ಹೂಡಿ, ಕುಂದಲಹಳ್ಳಿ, ಕಾಡುಗೋಡಿ ಕಡೆಯವರು ತಮ್ಮೊಳಗೇ ಓಡಾಡುವುದಕ್ಕೂ ಅದು ಉಪಯೋಗಕ್ಕೆ ಬಂತು. ಕಟ್ಟಿದ ಸ್ಟೇಷನ್ನಿಗೆ ಬೀಗ ಹಾಕಿಟ್ಟುಕೊಂಡು ಏನು ಮಾಡುವುದು? ತಪ್ಪಾಗಿದ್ದು ತೆರೆದಿದ್ದರಲ್ಲಿ ಅಲ್ಲ, ನಡುವಿನ ಬಸ್ಸನ್ನು ಯೋಚಿಸಿದ ರೀತಿಯಲ್ಲಿ.

ಇಂದಿರಾನಗರದಿಂದ ಪಟ್ಟಂದೂರು ಅಗ್ರಹಾರಕ್ಕೆ ಕೆಲಸಕ್ಕೆ ಹೋಗುವವರು ಆಗ ಏನು ಮಾಡಬೇಕಿತ್ತು ನೋಡಿ. ಇಂದಿರಾನಗರದಲ್ಲಿ ಹತ್ತಿ ಎರಡನೇ ಸ್ಟೇಷನ್ ಬೈಯಪ್ಪನಹಳ್ಳಿಯಲ್ಲಿ ಇಳಿಯಬೇಕು. ಇದು ಐದಾರು ನಿಮಿಷ. ಗೇಟು ದಾಟಿ ಹೊರಗೆ ಬಂದು ಬಸ್ಸಿಗೆ ಕಾಯಬೇಕು. ಬಸ್ ಬಂದ ಮೇಲೆ ಅದು ತುಂಬುವವರೆಗೆ ಕಾಯಬೇಕು. ಟಿನ್ ಫ್ಯಾಕ್ಟರಿ ದಾಟಬೇಕು. ಇದಕ್ಕೆ ಹತ್ತು ನಿಮಿಷವೂ ಹಿಡಿಯಬಹುದು, ಸಂಜೆ ಹೊತ್ತು ಅರ್ಧ ಗಂಟೆಯೂ ಹಿಡಿಯಬಹುದು, ಯಾವುದು ಅಂತ ಮನೆ ಬಿಡುವಾಗ ಗೊತ್ತಿರುವುದಿಲ್ಲ. ಕೆ.ಆರ್.ಪುರದಲ್ಲಿ ರಸ್ತೆಬದಿಗೆ ಇಳಿದು, ಮೆಟ್ಟಿಲು ಹತ್ತಿ, ಬ್ಯಾಗನ್ನು ಮತ್ತೆ ಸ್ಕ್ಯಾನರ್ ಮೇಲೆ ಇಟ್ಟು, ಮತ್ತೆ ಗೇಟು ದಾಟಿ, ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಬರುವ ರೈಲಿಗೆ ಕಾಯಬೇಕು. ಅಲ್ಲಿಂದ ಮುಂದೆ ಸುಖ. ಇಷ್ಟೆಲ್ಲ ಮಾಡಿ ಒಟ್ಟು ಪ್ರಯಾಣದಲ್ಲಿ ರೈಲಿನೊಳಗೆ ಕೂತ ಸಮಯ ಎಷ್ಟು? ಅರ್ಧವೂ ಇರುತ್ತಿರಲಿಲ್ಲ.

ಸಾರಿಗೆ ಯೋಜನೆ ಮಾಡುವವರ ಲೆಕ್ಕದಲ್ಲಿ ಕಾಯುವ ನಿಮಿಷ ಮತ್ತು ನಡೆಯುವ ನಿಮಿಷಕ್ಕೆ, ಗಾಡಿಯೊಳಗೆ ಕೂತ ನಿಮಿಷಕ್ಕಿಂತ ಸುಮಾರು ಎರಡರಷ್ಟು ತೂಕ. ಹತ್ತು ನಿಮಿಷ ಕಾದರೆ ಮನಸ್ಸಿಗೆ ಇಪ್ಪತ್ತು ನಿಮಿಷ ಆದಂತೆ. ಇದು ಸುಮ್ನೆ ಅಂದಾಜಿನ ಮಾತಲ್ಲ, ಜನ ಯಾವ ದಾರಿ ಆರಿಸಿಕೊಳ್ಳುತ್ತಾರೆ ಅಂತ ನೋಡಿ ತೆಗೆದ ಲೆಕ್ಕ. ಅದರಲ್ಲೂ ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಿಲ್ಲದೆ ಕಾಯುವುದು ಇನ್ನೂ ಭಾರ. ಹಾಗಾಗಿಯೇ ಬೈಕು, ಕ್ಯಾಬು ಇದ್ದವರು ಆ ಆರು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಹೊಸ ಮಾರ್ಗಕ್ಕೆ ನಿರೀಕ್ಷೆ ಮಾಡಿದಷ್ಟು ಜನ ಬರದೇ ಇದ್ದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಫೀಡರ್ ಬಸ್ಸಿನ ವಿಷಯಕ್ಕೆ ಬರೋಣ. ಬಸ್ ಜಾಸ್ತಿ ಬಿಟ್ಟರೆ ಸಾಕು, ಆಗಾಗ ಬರುತ್ತಿದ್ದರೆ ಸಾಕು ಅನ್ನುವುದು ಎಲ್ಲರ ಮೊದಲ ಯೋಚನೆ. ಖಾಲಿ ರಸ್ತೆಯಲ್ಲಿ ಅದು ಸರಿ. ಟಿನ್ ಫ್ಯಾಕ್ಟರಿಯಲ್ಲಿ ಅಲ್ಲ. ಅರ್ಧ ಗಂಟೆಗೆ ಆರು ಬಸ್ ಇವೆ ಅಂದುಕೊಳ್ಳಿ. ಐದು ನಿಮಿಷಕ್ಕೊಂದರಂತೆ ಬಂದರೆ ಸರಾಸರಿ ಎರಡೂವರೆ ನಿಮಿಷ ಕಾದರೆ ಆಯಿತು. ಆದರೆ ಜಾಮ್‌ನಲ್ಲಿ ಮುಂದಿನ ಬಸ್ ಸಿಕ್ಕಿಹಾಕಿಕೊಂಡಾಗ ಹಿಂದಿನವು ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಮೂರು ಮೂರು ಒಟ್ಟಿಗೆ ಬರುತ್ತವೆ. ಆಗ ಅದೇ ಆರು ಬಸ್ಸಿಗೆ ಹದಿನೈದು ನಿಮಿಷದ ಅಂತರ, ಸರಾಸರಿ ಕಾಯುವುದು ಏಳೂವರೆ ನಿಮಿಷ. ಬಸ್ಸಿನ ಸಂಖ್ಯೆ ಅಷ್ಟೇ, ಡೀಸೆಲ್ ಅಷ್ಟೇ, ಡ್ರೈವರ್ ಸಂಬಳ ಅಷ್ಟೇ, ಕಾಯುವುದು ಮಾತ್ರ ಮೂರು ಪಟ್ಟು. ಮೂರರಲ್ಲಿ ಮೊದಲನೆಯದು ಬಾಗಿಲಲ್ಲಿ ಜನ ನೇತಾಡುವಷ್ಟು ತುಂಬಿರುತ್ತದೆ, ಮೂರನೆಯದರಲ್ಲಿ ನಾಲ್ಕು ಜನ ಇರುತ್ತಾರೆ. ಇದನ್ನು ಬೆಂಗಳೂರಿನಲ್ಲಿ ನೋಡದವರು ಯಾರು?

ಇನ್ನೊಂದು ಸಮಸ್ಯೆ ಮೆಟ್ರೋ ಕಡೆಯಿಂದ. ಬಸ್ ಸ್ಟಾಪಿಗೆ ಸಾಮಾನ್ಯವಾಗಿ ಜನ ಒಬ್ಬೊಬ್ಬರಾಗಿ ಬರುತ್ತಾರೆ. ಮೆಟ್ರೋದಿಂದ ಹಾಗಲ್ಲ. ಹನ್ನೆರಡು ನಿಮಿಷ ಯಾರೂ ಇಲ್ಲ, ಆಮೇಲೆ ಒಂದೇ ಸಲ ನೂರಾರು ಜನ ಮೆಟ್ಟಿಲು ಇಳಿದು ಬರುತ್ತಾರೆ. ಅಲ್ಲಿ ಒಂದು ಬಸ್ ನಿಂತಿದ್ದರೆ ಅರವತ್ತು ಎಪ್ಪತ್ತು ಜನ ಹತ್ತಬಹುದು. ಉಳಿದವರು? ಐದು ನಿಮಿಷಕ್ಕೊಂದು ಬಸ್ ಅನ್ನುವುದು ಇಲ್ಲಿ ತಪ್ಪು ಲೆಕ್ಕ. ರೈಲು ಬಂದ ಮೂರ್ನಾಲ್ಕು ನಿಮಿಷಕ್ಕೆ ಎರಡೋ ಮೂರೋ ಬಸ್ ಒಟ್ಟಿಗೆ ತುಂಬಿಕೊಂಡು ಹೊರಡಬೇಕು, ಮುಂದಿನ ರೈಲಿಗೆ ಮತ್ತೆ ಎರಡು ಮೂರು. ಬೈಯಪ್ಪನಹಳ್ಳಿಯಿಂದ ಬರುವ ದಿಕ್ಕಿನಲ್ಲಿ ಇದು ಕಷ್ಟ, ಜಾಮ್ ದಾಟಿ ರೈಲಿನ ಹೊತ್ತಿಗೆ ಸರಿಯಾಗಿ ಮುಟ್ಟುತ್ತೇವೆ ಅಂತ ಯಾರೂ ಮಾತು ಕೊಡಲಾರರು. ಆದರೆ ಕೆ.ಆರ್.ಪುರದಿಂದ ಹೊರಡುವ ದಿಕ್ಕಿನಲ್ಲಿ ಇದಕ್ಕೆ ಏನೂ ಅಡ್ಡಿ ಇರಲಿಲ್ಲ. ರೈಲು ಯಾವಾಗ ಬರುತ್ತದೆ ಅಂತ ಮೇಲಿನ ಬೋರ್ಡಿನಲ್ಲೇ ಬರುತ್ತಿರುತ್ತದೆ. ಅದನ್ನು ಕೆಳಗೆ ಬಸ್ಸಿನ ಹತ್ತಿರ ನಿಂತವರಿಗೆ ತಿಳಿಸಿದ್ದರೆ ಅರ್ಧ ಕೆಲಸ ಆಗುತ್ತಿತ್ತು.

ಮತ್ತೆ, ಎಲ್ಲರ ಕಣ್ಣೆದುರೇ ಇನ್ನೊಂದು ದಾರಿ ಇತ್ತು. ಕೃಷ್ಣರಾಜಪುರಂ ರೈಲ್ವೆ ಸ್ಟೇಷನ್ ಮೆಟ್ರೋ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಬೈಯಪ್ಪನಹಳ್ಳಿ ರೈಲ್ವೆ ಸ್ಟೇಷನ್ನೂ ಅಲ್ಲಿನ ಮೆಟ್ರೋ ಪಕ್ಕದಲ್ಲೇ ಇದೆ. ಇವೆರಡೂ ರೈಲ್ವೆ ಹಳಿಯ ಮೇಲೆ ಅಕ್ಕಪಕ್ಕದ ಸ್ಟೇಷನ್‌ಗಳು. ಲೋಕಲ್ ರೈಲು ಹತ್ತಿದರೆ ಟಿನ್ ಫ್ಯಾಕ್ಟರಿ ಜಾಮ್ ಪಕ್ಕಕ್ಕೆ ಬಿಟ್ಟು ಕೆಲವೇ ನಿಮಿಷದಲ್ಲಿ ಆ ಕಡೆ. ಗೊತ್ತಿದ್ದವರು ಇದನ್ನು ಬಳಸಿಕೊಂಡರು. ಆದರೆ ರೈಲು ಯಾವಾಗ ಇದೆ ಅಂತ ಮೊದಲೇ ನೋಡಿಟ್ಟುಕೊಂಡಿರಬೇಕು, ಅದು ಹೊತ್ತಿಗೆ ಸರಿಯಾಗಿ ಬರಬೇಕು, ಮತ್ತು ಮೆಟ್ರೋದಿಂದ ಇಳಿದು ಪ್ಲಾಟ್‌ಫಾರ್ಮಿಗೆ ಹೋಗುವ ದಾರಿ ಗೊತ್ತಿರಬೇಕು. ಮೂರೂ ಸೇರುವುದು ಅಪರೂಪ. ಬೆಳಿಗ್ಗೆ ಸಂಜೆ ನಾಲ್ಕು ಗಂಟೆ ಒಂದು ಮೆಮು ರೈಲನ್ನು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಅಲ್ಲೇ ಹಿಂದಕ್ಕೂ ಮುಂದಕ್ಕೂ ಓಡಿಸಬಹುದಿತ್ತಲ್ಲ ಅಂತ ಕೇಳುವುದು ಸುಲಭ. ಎರಡೇ ಹಳಿ ಇರುವ ಚೆನ್ನೈ ಮಾರ್ಗದಲ್ಲಿ ಅಷ್ಟು ಬಿಡುವು ಸಿಗುವುದಿಲ್ಲ. ಆದರೂ ಇರುವ ರೈಲುಗಳ ಪಟ್ಟಿಯನ್ನು ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ ದೊಡ್ಡದಾಗಿ ಬರೆದು ಹಾಕುವುದಕ್ಕೆ ಎಷ್ಟು ಖರ್ಚು?

ಈಗ ಜಾಗ ನೋಡೋಣ. ಇಡೀ ಪ್ರಕರಣದ ಬೇರು ಇರುವುದು ಅಲ್ಲಿ.

ಕೆ.ಆರ್.ಪುರದಲ್ಲಿ ರೈಲ್ವೆ ಹಳಿಯ ಮೇಲೆ ಇರುವ ಕೇಬಲ್ ಸೇತುವೆ, ಅಂದರೆ ಆ ಹ್ಯಾಂಗಿಂಗ್ ಬ್ರಿಡ್ಜ್, 2003ರಲ್ಲಿ ಬಂತು. ಕಟ್ಟಿದಾಗ ಊರಿಗೆಲ್ಲ ಹೆಮ್ಮೆ. ರೈಲು ದಾಟುವವರೆಗೆ ಕಾಯುವ ಗೋಳು ತಪ್ಪಿತು, ಗಾಡಿಗಳು ಮೇಲಿಂದ ಸಾಗಿದವು. ಆದರೆ ಅದು ಗಾಡಿಗಳಿಗೆ ಕಟ್ಟಿದ ಸೇತುವೆ. ರೈಲ್ವೆ ಸ್ಟೇಷನ್ ಹಳಿಯ ಮಟ್ಟದಲ್ಲಿ ಕೆಳಗಡೆ ಇದೆ, ಬಸ್ಸುಗಳು ಮೇಲೆ ಹೋಗುತ್ತವೆ. ಸೇತುವೆಯ ಮೇಲೆ ಬಸ್ ನಿಲ್ಲುವ ಹಾಗಿಲ್ಲ. ಹಾಗಾಗಿ ಬಸ್ ಸ್ಟಾಪುಗಳು ಸೇತುವೆಯ ಎರಡು ತುದಿಗಳಿಗೆ ಹೋಗಿ ಕೂತವು. ಒಂದು ಕಡೆ ಟಿನ್ ಫ್ಯಾಕ್ಟರಿ, ಇನ್ನೊಂದು ಕಡೆ ಕೆ.ಆರ್.ಪುರಂ ರೈಲ್ವೆ ಸ್ಟೇಷನ್ ಅನ್ನುವ ಹೆಸರಿನ ಸ್ಟಾಪ್. ರೈಲಿನಿಂದ ಇಳಿದವರು ಸೇತುವೆಯ ಯಾವ ತುದಿಗೆ ಹೋಗಬೇಕು ಅನ್ನುವುದು ಅವರು ಯಾವ ದಿಕ್ಕಿಗೆ ಹೋಗಬೇಕು ಅನ್ನುವುದರ ಮೇಲೆ ನಿಂತಿದೆ. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ಅದರ ಜೊತೆಗೆ ಕೆ.ಆರ್.ಪುರ ಊರು, ಮಾರ್ಕೆಟ್ಟು ಇರುವುದು ರೈಲ್ವೆ ಸ್ಟೇಷನ್ನಿನಿಂದ ಎರಡು ಕಿಲೋಮೀಟರ್ ಆಚೆ. ಕೆ.ಆರ್.ಪುರ ಅಂತ ಬೋರ್ಡ್ ಇರುವ ಬಸ್ ಹತ್ತಿ, ರೈಲು ಹಿಡಿಯಬೇಕಾದವರು ಮಾರ್ಕೆಟ್ಟಿಗೆ ಹೋಗಿ ಇಳಿಯುವುದು ಇಲ್ಲಿ ಹಳೆಯ ಕಥೆ.

ಟಿನ್ ಫ್ಯಾಕ್ಟರಿಯಲ್ಲಿ ಒಂದು ಸ್ಟಾಪ್ ಅಂತ ಇಲ್ಲ. ಹೆಬ್ಬಾಳದ ಕಡೆ ಹೋಗುವ ಬಸ್ಸಿಗೆ ಒಂದು ಜಾಗ, ಮಾರತಹಳ್ಳಿ ಕಡೆಗೆ ಇನ್ನೊಂದು, ಹೊಸಕೋಟೆ ಕಡೆಗೆ ಮತ್ತೊಂದು, ಊರೊಳಗೆ ಬರುವುದಕ್ಕೆ ರಸ್ತೆಯ ಆಚೆ ಬದಿ. ಕೋಲಾರ, ಮುಳಬಾಗಿಲು, ತಿರುಪತಿ ಕಡೆಯ ದೂರದ ಬಸ್ಸುಗಳೂ ಇಲ್ಲೇ ಜನ ತುಂಬಿಕೊಳ್ಳುತ್ತವೆ.

ಒಂದು ಸಂಜೆ ಅಲ್ಲಿ ಸುಮ್ನೆ ನಿಂತು ನೋಡಿದರೆ ಸಾಕು, ಪುಸ್ತಕ ಓದಬೇಕಿಲ್ಲ. ಶೆಲ್ಟರ್ ಇರುವುದು ಒಂದು ಕಡೆ, ಬಸ್ ನಿಲ್ಲುವುದು ಇನ್ನೊಂದು ಕಡೆ. ಶೆಲ್ಟರ್ ಮುಂದೆ ಆಟೋಗಳ ಸಾಲು. ಅದರಿಂದಾಚೆಗೆ ಬಸ್ಸಿಗೆ ಕಾಯುವವರು ಫುಟ್‌ಪಾತ್ ಬಿಟ್ಟು ಟಾರಿನ ಮೇಲೆ ನಿಂತಿರುತ್ತಾರೆ, ಯಾಕೆಂದರೆ ಅಲ್ಲಿಂದ ಮಾತ್ರ ಬರುವ ಬಸ್ಸಿನ ನಂಬರ್ ಕಾಣಿಸುತ್ತದೆ. ಜನ ರಸ್ತೆಯಲ್ಲಿ ನಿಂತಿದ್ದರಿಂದ ಬಸ್ ಎಡಕ್ಕೆ ಬರಲಾಗದೆ ಎರಡನೇ ಸಾಲಿನಲ್ಲಿ ನಿಲ್ಲುತ್ತದೆ. ಬಸ್ ಎರಡನೇ ಸಾಲಿನಲ್ಲಿ ನಿಲ್ಲುವುದರಿಂದ ಜನ ಇನ್ನೂ ಮುಂದಕ್ಕೆ ಬರುತ್ತಾರೆ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಉಳಿದ ಸಂದಿಯಲ್ಲಿ ಬೈಕುಗಳು ತೂರುತ್ತವೆ, ಇಳಿಯುವವರು ಮೊದಲು ಎಡಕ್ಕೆ ಕತ್ತು ತಿರುಗಿಸಿ ನೋಡಿ ಕಾಲಿಡಬೇಕು.

ಡ್ರೈವರುಗಳಿಗೆ ಶಿಸ್ತಿಲ್ಲ ಅಂತ ಬೈಯುವುದು ಸುಲಭ. ಆದರೆ ಅವರ ಸೀಟಿನಲ್ಲಿ ಕೂತು ನೋಡಿ. ಮುಂದೆ ಸೇತುವೆ ಹತ್ತಬೇಕಾದ ಬಸ್ ಮೊದಲೇ ಬಲಕ್ಕೆ ಸರಿದಿರಬೇಕು. ಎಡತುದಿಗೆ ಪೂರ್ತಿ ಹೋಗಿ, ಬಸ್ ನಿಲ್ಲಲು ಬಿಟ್ಟ ಬೇ ಒಳಗೆ ನಿಂತರೆ, ಮತ್ತೆ ಬಲಕ್ಕೆ ಬರಲು ಯಾರೂ ದಾರಿ ಬಿಡುವುದಿಲ್ಲ. ಎಡಕ್ಕೇ ಹೋಗುವ ಬಸ್ಸಿಗೆ ಆ ತೊಂದರೆ ಇಲ್ಲ, ಅದು ಅಂಚಿಗೆ ಬರುತ್ತದೆ. ಹಾಗಾಗಿ ಒಂದೊಂದು ರೂಟಿನ ಬಸ್ಸೂ ತನ್ನ ಮುಂದಿನ ತಿರುವಿಗೆ ತಕ್ಕಂತೆ ತನ್ನದೇ ಸ್ಟಾಪ್ ಮಾಡಿಕೊಂಡಿದೆ. ದಿನಾ ಓಡಾಡುವವರಿಗೆ ಅದೆಲ್ಲ ಬಾಯಿಪಾಠ. 500ಡಿ ಬಸ್ ಎಲ್ಲಿ ನಿಧಾನ ಮಾಡುತ್ತದೆ ಅಂತ ಅವರಿಗೆ ಕಂಬದ ಲೆಕ್ಕದಲ್ಲಿ ಗೊತ್ತು. ಹೊಸದಾಗಿ ಬಂದವರು ಶೆಲ್ಟರಿನಲ್ಲಿ ಕೂತಿರುತ್ತಾರೆ, ಅವರ ಬಸ್ ಮೂವತ್ತು ಮೀಟರ್ ಆಚೆ ನಿಂತು ಹೊರಟುಹೋಗುತ್ತದೆ.

ಜಂಕ್ಷನ್ನಿಗೆ ಮೊದಲು ಸ್ಟಾಪ್ ಇಡಬೇಕೋ ದಾಟಿದ ಮೇಲೆ ಇಡಬೇಕೋ ಅನ್ನುವುದು ಬಸ್ ಸ್ಟಾಪ್ ವಿಷಯದಲ್ಲಿ ಎಲ್ಲ ಊರಲ್ಲೂ ನಡೆಯುವ ವಾದ. ಸಾಮಾನ್ಯ ಉತ್ತರ, ದಾಟಿದ ಮೇಲೆ ಇಡಿ ಅಂತ. ತಿರುವಿನ ಜಗ್ಗಾಟ ಮುಗಿದಿರುತ್ತದೆ, ಜನ ಬಸ್ಸಿನ ಹಿಂದಿನಿಂದ ರಸ್ತೆ ದಾಟುತ್ತಾರೆ, ಸಿಗ್ನಲ್ಲಿಗೆ ಅಡ್ಡ ಆಗುವುದಿಲ್ಲ. ಟಿನ್ ಫ್ಯಾಕ್ಟರಿಯಲ್ಲಿ ಇದು ಪೂರ್ತಿ ಒಗ್ಗುವುದಿಲ್ಲ, ದಾಟಿದ ಮೇಲೆ ಅಂದರೆ ಸೇತುವೆ, ಅದು ಮುಗಿಯುವ ಹೊತ್ತಿಗೆ ಬಹಳ ದೂರ ಹೋಗಿರುತ್ತೀರಿ. ಅದಕ್ಕೇ ಇಲ್ಲಿ ದಿಕ್ಕಿಗೊಂದು ಸ್ಟಾಪ್ ಇರಲಿ, ಆದರೆ ಅವುಗಳಿಗೆ ಗುರುತು ಇರಲಿ ಅನ್ನುವುದು ನನ್ನ ವಾದ. ದೊಡ್ಡ ಬಸ್ ಸ್ಟ್ಯಾಂಡುಗಳಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಇರುವ ಹಾಗೆ ಒಂದು, ಎರಡು, ಮೂರು ಅಂತ ದೊಡ್ಡ ಅಂಕಿ ಹಾಕಿ, ಯಾವ ಅಂಕಿಯಲ್ಲಿ ಯಾವ ರೂಟು ಅಂತ ಬರೆದು, ಅದೇ ಅಂಕಿಯನ್ನು ಮೆಟ್ರೋ ಸ್ಟೇಷನ್ನಿನ ಒಳಗೂ ರೈಲ್ವೆ ಪ್ಲಾಟ್‌ಫಾರ್ಮ್‌ನಲ್ಲೂ ಹಾಕಿದರೆ ಜನ ದಿಕ್ಕು ತಪ್ಪುವುದು ಅರ್ಧ ನಿಲ್ಲುತ್ತದೆ.

ಈ ಜಾಗದಲ್ಲಿ ಬಸ್ಸಿಗೆ ಮರ್ಯಾದೆ ಕೊಡುವ ಪ್ರಯತ್ನವೇ ಆಗಿಲ್ಲ ಅಂತಲ್ಲ. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್ ಮತ್ತು ಟಿನ್ ಫ್ಯಾಕ್ಟರಿ ನಡುವೆ ಔಟರ್ ರಿಂಗ್ ರೋಡಿನಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಮಾಡಿದ್ದರು. ರಸ್ತೆಯಲ್ಲಿ ಗೂಟ ನೆಟ್ಟಿದ್ದರು. ಕಾರಿನವರು ಎಗರಾಡಿದರು, ಬಸ್ಸಿನವರು ಮೊದಲ ಸಲ ಖುಷಿಯಾಗಿದ್ದರು, ಬಸ್ ನಿಜವಾಗಿಯೂ ಬೇಗ ಹೋಗುತ್ತಿತ್ತು. ಆಮೇಲೆ ಕೋವಿಡ್ ಬಂತು, ರಸ್ತೆ ಖಾಲಿಯಾಯಿತು, ಪಥದ ಅವಶ್ಯಕತೆ ಮರೆತುಹೋಯಿತು. ಅದರ ಹಿಂದೆಯೇ ಇದೇ ರಸ್ತೆಗುಂಟ ಬರುವ ನೀಲಿ ಮಾರ್ಗದ ಮೆಟ್ರೋ ಕಾಮಗಾರಿ ಬಂದು ರಸ್ತೆಯ ನಡುಭಾಗ ನುಂಗಿತು, ಗೂಟಗಳು ಮುರಿದವು, ಕಿತ್ತುಹೋದವು. 2023ರಲ್ಲಿ ಫೀಡರ್ ಬಸ್ಸಿಗೆ ಇಂಥದೊಂದು ಪಥ ಎಲ್ಲಕ್ಕಿಂತ ಜಾಸ್ತಿ ಬೇಕಿತ್ತು. ಎರಡೇ ಕಿಲೋಮೀಟರ್, ಆರೇ ತಿಂಗಳು. ಯಾರೂ ಆ ಮಾತು ಎತ್ತಲಿಲ್ಲ.

ಮೆಟ್ರೋ ಬಗ್ಗೆ ಮಾತಾಡುವಾಗ ಐಟಿ ಕಂಪನಿಯವರ ಕಥೆಯೇ ಮುಂದೆ ಬರುತ್ತದೆ. ಆದರೆ ಕೆ.ಆರ್.ಪುರ ರೈಲ್ವೆ ಸ್ಟೇಷನ್ನಿನ ಹಳೆಯ ಗಿರಾಕಿಗಳು ಬೇರೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿಂದಾಚೆಗೆ ಆ ಊರಿನ ಒಂದು ತಲೆಮಾರೇ ದಿನಾ ಬೆಳಿಗ್ಗೆ ಕತ್ತಲಲ್ಲೇ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಿದೆ. ಬಂಗಾರಪೇಟೆ, ಟೇಕಲ್, ಮಾಲೂರಿನಿಂದಲೂ ಹಾಗೆಯೇ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ತಿಂಗಳ ಪಾಸ್ ಅಗ್ಗ, ಹಾಗಾಗಿ ಇಷ್ಟು ದೂರದಿಂದ ದಿನಾ ಬಂದು ಹೋಗುವುದು ಸಾಧ್ಯವಾಗಿದೆ. ಸೆಕ್ಯುರಿಟಿ ಗಾರ್ಡುಗಳು, ಹೌಸ್‌ಕೀಪಿಂಗಿನವರು, ಅಂಗಡಿಗಳಲ್ಲಿ ಕೆಲಸ ಮಾಡುವವರು, ಇಂಜಿನಿಯರುಗಳು ಕೂಡ ಇದ್ದಾರೆ. ಮಹದೇವಪುರ, ಮಾರತಹಳ್ಳಿ ಕಡೆ ಕೆಲಸ ಇರುವವರು ಕೆ.ಆರ್.ಪುರದಲ್ಲಿ ಇಳಿಯುತ್ತಾರೆ.

ಇವರ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಎಕ್ಸ್‌ಪ್ರೆಸ್ ರೈಲು ಹಿಂದೆ ಬಂದರೆ ಲೋಕಲ್ ರೈಲು ಪಕ್ಕಕ್ಕೆ ನಿಂತು ದಾರಿ ಬಿಡಬೇಕು. ಕಂಟೋನ್ಮೆಂಟ್‌ನಿಂದ ವೈಟ್‌ಫೀಲ್ಡ್‌ವರೆಗೆ ಇನ್ನೆರಡು ಹಳಿ ಹಾಕುವ ಕೆಲಸ ವರ್ಷಗಳಿಂದ ನಡೆಯುತ್ತಿದೆ, ಮುಗಿದರೆ ಈ ತಾಪತ್ರಯ ಕಡಿಮೆ ಆಗಬೇಕು. ಅಲ್ಲಿಯವರೆಗೆ ಈ ರೈಲಿಗೆ ಸಮಯ ಹೊಂದಿಸಿ ಬಸ್ ನಿಲ್ಲಿಸುವುದು ಕಷ್ಟ. ಅದೃಷ್ಟಕ್ಕೆ ಅದರ ಅಗತ್ಯವೂ ಇಲ್ಲ. ಔಟರ್ ರಿಂಗ್ ರೋಡಿನಲ್ಲಿ 500 ಸರಣಿಯ ಬಸ್ಸುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಮೆಟ್ರೋ ಫೀಡರ್‌ಗೆ ಬೇಕಾದದ್ದು ರೈಲಿಗೆ ಹೊಂದಿದ ಸಮಯ, ಕೆಜಿಎಫ್ ರೈಲಿನವರಿಗೆ ಬೇಕಾದದ್ದು ಸಮಯ ಅಲ್ಲ, ಜಾಗ. ಸ್ಟೇಷನ್ ಬಾಗಿಲಿನಿಂದ ಹತ್ತಿರದಲ್ಲಿ, ನೆರಳಿರುವ, ರಸ್ತೆ ದಾಟದೆ ಮುಟ್ಟುವ ಒಂದು ಸ್ಟಾಪ್. ಬಸ್ ಇದೆ, ಜನ ಇದ್ದಾರೆ, ನಡುವಿನ ನಡಿಗೆ ಮಾತ್ರ ಹಾಳಾಗಿದೆ. ಎರಡೂ ಸಮಸ್ಯೆಗೆ ಒಂದೇ ಔಷಧ ಅಂತ ಹೋದರೆ ಎರಡೂ ವಾಸಿಯಾಗುವುದಿಲ್ಲ.

ಇದೇ ಅವಧಿಯಲ್ಲಿ, 2023ರ ಜೂನ್ 11ಕ್ಕೆ, ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಇದು ಈ ಜಂಕ್ಷನ್ನಿನ ಲೆಕ್ಕವನ್ನೇ ಬದಲಿಸಿತು, ಯಾರೂ ಅಷ್ಟಾಗಿ ಗಮನಿಸಲಿಲ್ಲ. ಬಸ್ ಅಂದರೆ ಮೆಟ್ರೋಗೆ ಜನ ತಂದು ಸುರಿಯುವ ಸಾಧನ ಅಂತ ಯೋಜನೆ ಮಾಡುವವರು ಅಂದುಕೊಂಡಿರುತ್ತಾರೆ. ಮನೆಕೆಲಸಕ್ಕೆ ಹೋಗುವ ಒಬ್ಬ ಹೆಂಗಸಿಗೆ ಮೆಟ್ರೋದಲ್ಲಿ ಹೋಗಿ ಬರಲು ದಿನಕ್ಕೆ ಅರವತ್ತು ಎಪ್ಪತ್ತು ರೂಪಾಯಿ ಖರ್ಚು ಅಂದರೆ ಅದು ಬೇಡವೇ ಬೇಡ, ಎರಡು ಬಸ್ ಬದಲಿಸಿ ಹೋದರೂ ಚಿಂತೆಯಿಲ್ಲ. ಅಂಥವರಿಗೆ ಕೆ.ಆರ್.ಪುರದಲ್ಲಿ ಬೇಕಾಗಿರುವುದು ಬಸ್ಸಿನಿಂದ ಬಸ್ಸಿಗೆ ಸಲೀಸಾಗಿ ಬದಲಿಸುವ ಜಾಗ, ಮೆಟ್ರೋ ಮೆಟ್ಟಿಲಲ್ಲ. ಬಸ್ಸಿನಿಂದ ಇಳಿದು ಇನ್ನೊಂದು ದಿಕ್ಕಿನ ಬಸ್ಸಿಗೆ ಹೋಗಲು ಮೂರು ಸಲ ರಸ್ತೆ ದಾಟಬೇಕಾದರೆ, ಟಿಕೆಟ್ ಪುಕ್ಕಟೆ ಆದರೂ ಪ್ರಯಾಣ ಪುಕ್ಕಟೆ ಅಲ್ಲ, ಅಲ್ವಾ?

ಅಕ್ಟೋಬರ್ 2023ಕ್ಕೆ ಬಂದರೆ, ಸೆಪ್ಟೆಂಬರ್‌ನಲ್ಲಿ ಸುರಕ್ಷತಾ ತಪಾಸಣೆ ಮುಗಿದಿತ್ತು, ಸಮಾರಂಭಕ್ಕೆ ಕಾಯುತ್ತಿದ್ದಾರೆ ಅಂತ ಜನ ರೇಗಿದ್ದರು, ಕೊನೆಗೆ ಅಕ್ಟೋಬರ್ 9ರಂದು ಹಾರ ತುರಾಯಿ ಇಲ್ಲದೆ ಬೈಯಪ್ಪನಹಳ್ಳಿ–ಕೆ.ಆರ್.ಪುರ ತೆರೆಯಿತು. ಅದೇ ದಿನ ಆ ಕಡೆ ಕೆಂಗೇರಿಯಿಂದ ಚಲ್ಲಘಟ್ಟವೂ ತೆರೆಯಿತು. ನೇರಳೆ ಮಾರ್ಗ 43.49 ಕಿಲೋಮೀಟರ್ ಆಯಿತು, 37 ಸ್ಟೇಷನ್. ಮೆಟ್ರೋದ ಒಟ್ಟು ಪ್ರಯಾಣಿಕರು ಕೆಲವೇ ವಾರಗಳಲ್ಲಿ ದಿನಕ್ಕೆ ಏಳು ಲಕ್ಷದ ಆಸುಪಾಸಿಗೆ ಹೋದರು. ಎರಡು ಕಿಲೋಮೀಟರ್ ತುಂಬಿದ್ದಕ್ಕೆ ಇಷ್ಟು ಬದಲಾವಣೆ. ಮಧ್ಯದಲ್ಲಿ ಇಳಿಸಿ ಹತ್ತಿಸುವುದನ್ನು ಜನ ಎಷ್ಟು ದ್ವೇಷಿಸುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ಒಂದು ಉಪಯೋಗದ ಮಾತು. ಬೈಯಪ್ಪನಹಳ್ಳಿಗೂ ಕೆ.ಆರ್.ಪುರಕ್ಕೂ ನಡುವಿನ ಬೆನ್ನಿಗಾನಹಳ್ಳಿ ಮೆಟ್ರೋ ಸ್ಟೇಷನ್ ಟಿನ್ ಫ್ಯಾಕ್ಟರಿ ಕಡೆಗಿದೆ, ಕೆ.ಆರ್.ಪುರ ಸ್ಟೇಷನ್ ಸೇತುವೆಯ ಆಚೆ. ಕಸ್ತೂರಿನಗರ, ಹೊರಮಾವು, ಹೆಬ್ಬಾಳದ ಕಡೆಯಿಂದ ಬಸ್ಸಿನಲ್ಲಿ ಬಂದು ಮೆಟ್ರೋ ಹಿಡಿಯುವವರು ಟಿನ್ ಫ್ಯಾಕ್ಟರಿಯಲ್ಲೇ ಇಳಿದು ಬೆನ್ನಿಗಾನಹಳ್ಳಿಗೆ ಹೋಗುವುದು ಜಾಣತನ. ಮಾರತಹಳ್ಳಿ ಕಡೆಯಿಂದ ಬರುವವರಿಗೆ ಮತ್ತು ರೈಲಿಗೆ ಹೋಗುವವರಿಗೆ ಕೆ.ಆರ್.ಪುರ ಸರಿ. ಸುಮ್ಮನೆ ಹೆಸರು ದೊಡ್ಡದು ಅಂತ ಎಲ್ಲರೂ ಕೆ.ಆರ್.ಪುರಕ್ಕೇ ಹೋದರೆ ಸೇತುವೆಯ ಜಾಮಿನಲ್ಲಿ ಕೂರಬೇಕಾಗುತ್ತದೆ. ಇದನ್ನು ಬಸ್ಸಿನೊಳಗೆ ಕೂಗಿ ಹೇಳಿದರೂ ಸಾಕು, ಎಷ್ಟೋ ಜನಕ್ಕೆ ಕಾಲು ಗಂಟೆ ಉಳಿಯುತ್ತದೆ.

ಇಲ್ಲಿ ಇಷ್ಟೆಲ್ಲ ಯಾಕೆ ಸರಿಯಾಗುವುದಿಲ್ಲ ಅನ್ನುವುದಕ್ಕೆ ನನಗೆ ಕಾಣುವ ಕಾರಣ ಸರಳ. ಮೆಟ್ರೋ ಮೆಟ್ಟಿಲವರೆಗೆ ಮೆಟ್ರೋ ನಿಗಮದ್ದು. ರೈಲ್ವೆ ಗೇಟಿನ ಒಳಗೆ ರೈಲ್ವೆಯದು. ಬಸ್ಸು ಬಿಎಂಟಿಸಿಯದು, ಬಸ್ ನಿಲ್ಲುವ ರಸ್ತೆ ನಗರಪಾಲಿಕೆಯದು, ರಸ್ತೆಯಲ್ಲಿ ಯಾರು ಎಲ್ಲಿ ನಿಲ್ಲಬಹುದು ಅನ್ನುವುದು ಟ್ರಾಫಿಕ್ ಪೊಲೀಸರದು. ಮೆಟ್ಟಿಲಿನಿಂದ ಬಸ್ಸಿನ ಬಾಗಿಲಿನವರೆಗಿನ ಇನ್ನೂರು ಮೀಟರ್ ಯಾರದು? ಎಲ್ಲರದ್ದೂ ಹೌದು, ಅದಕ್ಕೇ ಯಾರದ್ದೂ ಅಲ್ಲ. ಬೆಂಗಳೂರಿಗೆ ಒಂದು ಭೂಸಾರಿಗೆ ಪ್ರಾಧಿಕಾರ ಇರಬೇಕು, ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಬೇಕು ಅಂತ 2022ರ ಡಿಸೆಂಬರ್‌ನಲ್ಲಿ ವಿಧಾನಮಂಡಲದಲ್ಲಿ ಮಸೂದೆ ಪಾಸಾಯಿತು. ಅಂದರೆ ಕೆ.ಆರ್.ಪುರದ ಈ ಗೋಳು ಶುರುವಾಗುವ ಮೂರು ತಿಂಗಳ ಮೊದಲು. ಅಂಥ ಪ್ರಾಧಿಕಾರಕ್ಕೆ ಮೊದಲ ಕೆಲಸ ಕೊಡುವುದಾದರೆ ನಾನು ನಗರದ ದೊಡ್ಡ ನಕ್ಷೆ ಕೊಡುವುದಿಲ್ಲ, ಈ ಇನ್ನೂರು ಮೀಟರ್ ಕೊಡುತ್ತೇನೆ. ಆಟೋಗಳಿಗೆ ಬೇರೆ ಕಡೆ ಜಾಗ ಗುರುತಿಸಿ ಬಸ್ ಬೇ ಖಾಲಿ ಮಾಡಿ. ಆಟೋದವರನ್ನು ಓಡಿಸಬೇಡಿ, ಅವರಿಗೂ ಇಲ್ಲಿ ಗಿರಾಕಿ ಇದ್ದಾರೆ, ಸ್ಟಾಪ್ ಮುಗಿದ ಮೇಲೆ ನಿಲ್ಲಲಿ. ಬಸ್ ಬರುವ ದಿಕ್ಕು ಕಾಣುವ ಹಾಗೆ ಶೆಲ್ಟರನ್ನು ತಿರುಗಿಸಿ ಅಥವಾ ಸರಿಸಿ. ಬಸ್ ನಿಜವಾಗಿ ಎಲ್ಲಿ ನಿಲ್ಲುತ್ತಿದೆಯೋ ಅಲ್ಲಿಗೇ ಸ್ಟಾಪ್ ತನ್ನಿ, ಡ್ರೈವರುಗಳನ್ನು ಕೇಳಿದರೆ ಅವರೇ ಜಾಗ ತೋರಿಸುತ್ತಾರೆ.

ಇದಕ್ಕೆ ಈಗ ಅವಸರವೂ ಇದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರಕ್ಕೆ ನೀಲಿ ಮಾರ್ಗ ಏಳುತ್ತಿದೆ, ಸುಮಾರು 20 ಕಿಲೋಮೀಟರ್, 13 ಸ್ಟೇಷನ್. ಮುಂದೆ ಅದು ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಆಗ ಕೆ.ಆರ್.ಪುರ ಎರಡು ಮೆಟ್ರೋ, ಒಂದು ರೈಲ್ವೆ, ಎರಡು ಹೆದ್ದಾರಿಯ ಬಸ್ಸುಗಳು ಸೇರುವ ಜಾಗ. ಎರಡು ಮೆಟ್ರೋ ನಡುವಿನ ಬದಲಾವಣೆ ಒಂದೇ ನಿಗಮದ ಕೈಯಲ್ಲಿದೆ, ಅದು ಹೇಗೋ ಆಗುತ್ತದೆ. ನನ್ನ ಭಯ ಬೇರೆ. ಮೆಟ್ರೋ ಬಂದ ತಕ್ಷಣ ಅದೇ ದಾರಿಯ ಬಸ್ ಕಡಿಮೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. 20 ಕಿಲೋಮೀಟರಿಗೆ 13 ಸ್ಟೇಷನ್ ಅಂದರೆ ಒಂದರಿಂದ ಇನ್ನೊಂದಕ್ಕೆ ಒಂದೂವರೆ ಕಿಲೋಮೀಟರಿಗೂ ಜಾಸ್ತಿ. ನಡುವೆ ಇರುವ ಬಸ್ ಸ್ಟಾಪುಗಳ ಹತ್ತಿರ ಕೆಲಸ ಮಾಡುವವರಿಗೆ, ಶಕ್ತಿ ಯೋಜನೆಯಲ್ಲಿ ಓಡಾಡುವ ಹೆಂಗಸರಿಗೆ, ಕೆಜಿಎಫ್ ರೈಲು ಇಳಿದು ನೇರ ಬಸ್ ಹತ್ತುವವರಿಗೆ 500 ಸರಣಿಯ ಬಸ್ಸು ಆಗಲೂ ಬೇಕು. ನೀಲಿ ಮಾರ್ಗ ತೆರೆದ ಮೇಲೆ ಕನಿಷ್ಠ ಆರು ತಿಂಗಳು ಆ ಬಸ್ಸುಗಳನ್ನು ಈಗಿರುವ ಸಂಖ್ಯೆಯಲ್ಲೇ ಓಡಿಸಿ, ಸ್ಟಾಪಿನಿಂದ ಸ್ಟಾಪಿಗೆ ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಅಂತ ಟಿಕೆಟ್ ಯಂತ್ರದ ಲೆಕ್ಕ ತೆಗೆದು, ಆಮೇಲೆ ಯಾವುದನ್ನು ಕಡಿಮೆ ಮಾಡಬೇಕು ಅಂತ ನಿರ್ಧರಿಸಲಿ. ಶಕ್ತಿ ಟಿಕೆಟ್ಟಿಗೆ ಬೆಲೆ ಸೊನ್ನೆ ಇದ್ದರೂ ಯಂತ್ರದಲ್ಲಿ ಅದೂ ದಾಖಲಾಗುತ್ತದೆ, ಹಾಗಾಗಿ ಲೆಕ್ಕ ಇಲ್ಲ ಅಂತ ಹೇಳಲು ಬರುವುದಿಲ್ಲ.